ರಾಯಚೂರಿನ ಹಾಜರಿ, ಮಸರಕಲ್ಲಿನ ಎಮ್ಮೆ

ಸುತ್ತಲಿನ ಹಳ್ಳಿಗಳ ಎಮ್ಮೆಗಳೆಲ್ಲ ತನಗೆ ಹಿಂದಿನಿಂದ ಪರಿಚಯ ಎಂದು ಅರಕೇರಾದ ವಿನೋದ ತಮಾಷೆ ಮಾಡುತ್ತಿದ್ದ. ಅವನದು ದನ ಎಮ್ಮೆಗಳಿಗೆ ಕೃತಕ ಗರ್ಭಧಾರಣೆ ಮಾಡುವ ಕೆಲಸ. ಪಿಯುಸಿ ವಿಜ್ಞಾನ ಮುಗಿಸಿ, ತರಬೇತಿ ಪಡೆದು, ಹಾಲು ಕೊಳ್ಳುವ ಒಂದು ಖಾಸಗಿ ಕಂಪನಿಗೆ ಸೇರಿದ್ದ. ಜನ ಅವನನ್ನು ಡಾಕ್ಟರ್ ಎಂದೇ ಕರೆಯುತ್ತಿದ್ದರು. ನಾನು ಡಾಕ್ಟರ್ ಅಲ್ಲ ಎಂದು ಅವನು ಮೊದಲೆರಡು ವರ್ಷ ಹೇಳಿ ನೋಡಿದ. ಆಮೇಲೆ ಬಿಟ್ಟ.

ಅವನ ಅಪ್ಪ ಕೂಲಿಗೆ ಹೋಗುತ್ತಿದ್ದ ಮನೆಗಳಲ್ಲಿ ಅಪ್ಪನಿಗೆ ಅಂಗಳದವರೆಗೆ ಮಾತ್ರ ದಾರಿ ಇತ್ತು. ವಿನೋದನಿಗೆ ಕೊಟ್ಟಿಗೆಯವರೆಗೆ ದಾರಿ ಸಿಕ್ಕಿತು. ಈ ಕಡೆಯ ಹಳೇ ಮನೆಗಳಲ್ಲಿ ದನ ಕಟ್ಟುವುದು ಬಾಗಿಲ ಒಳಗೇ ಆದ್ದರಿಂದ, ಎಷ್ಟೋ ಮನೆಗಳ ಹೊಸ್ತಿಲನ್ನು ಅವನು ಎಮ್ಮೆಯ ನೆಪದಲ್ಲಿ ದಾಟಿದ್ದ. ಅದರ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ, ಅವನೂ ಆಡಲಿಲ್ಲ.

ಈ ಕೆಲಸದಲ್ಲಿ ಹೊತ್ತೇ ಮುಖ್ಯ. ಎಮ್ಮೆ ಬೆಳಿಗ್ಗೆ ಬೆದೆಗೆ ಬಂದರೆ ಅದೇ ಸಂಜೆ, ಸಂಜೆ ಬಂದರೆ ಮರುದಿನ ಬೆಳಿಗ್ಗೆ ವೀರ್ಯದ ಕಡ್ಡಿ ಹಾಕಬೇಕು. ಅದು ತಪ್ಪಿದರೆ ಮತ್ತೆ ಮೂರು ವಾರ ಕಾಯಬೇಕು. ಸರಿಯಾದ ಹೊತ್ತಿಗೆ ಹಾಕಿದರೂ ಹತ್ತರಲ್ಲಿ ನಾಲ್ಕು ಗಬ್ಬ ನಿಂತರೆ ಎಮ್ಮೆಗಳಲ್ಲಿ ಅದು ಒಳ್ಳೆಯ ಫಲವೇ. ಹೊತ್ತು ಮೀರಿದ್ದಕ್ಕೆ ವಿನೋದ ಕೈ ಹಾಕುತ್ತಿರಲಿಲ್ಲ. ಬಳಸಿದ ಕಡ್ಡಿಗಳನ್ನು ಎಣಿಸಿ ಕೆಲಸ ಅಳೆಯುವುದು ಕಂಪನಿಯ ಪದ್ಧತಿಯಾದರೂ ಅವನು, "ಹೊತ್ತು ಹೋಗೇತಿ, ಸುಮ್ಮನ ಯಾಕ ಹಾಕ್ಲಿ?" ಎಂದು ಗಾಡಿ ತಿರುಗಿಸುತ್ತಿದ್ದ. ಅವನ ಮೇಲೆ ಜನರಿಗಿದ್ದ ನಂಬಿಕೆ ಹುಟ್ಟಿದ್ದು ಹೀಗೆ ಬರಿಗೈಲಿ ವಾಪಸಾದ ಸಲಗಳಿಂದಲೇ.

ಕೊರೊನಾ ಬಂದಾಗ ಕಂಪನಿ ದೇವದುರ್ಗದ ತನ್ನ ಸಣ್ಣ ಕೇಂದ್ರವನ್ನು ಮುಚ್ಚಿ, ಕಡ್ಡಿಗಳನ್ನು ಹೆಪ್ಪುಗಟ್ಟಿಸಿ ಇಡುವ ದ್ರವ ಸಾರಜನಕದ ಕ್ಯಾನನ್ನು ವಿನೋದನ ಮನೆಗೇ ಕಳಿಸಿತು. ಅಡುಗೆಮನೆಯ ಪಕ್ಕದಲ್ಲಿ ಅದಕ್ಕೊಂದು ಮೂಲೆ ಆಯಿತು. ಫೋನ್ ಬಂದರೆ ಸಣ್ಣ ಕ್ಯಾನಿಗೆ ತುಂಬಿಕೊಂಡು ಬೈಕು ಹತ್ತುತ್ತಿದ್ದ. ಅರಕೇರಾ, ಮಸರಕಲ್, ಗೂಗಲ್ ಊರುಗಳೆಲ್ಲ ಅವನ ಕೈಯಳತೆಯಲ್ಲಿದ್ದವು. ಹೀಗೇ ಕೆಲವು ವರ್ಷ ನಡೆಯಿತು.

ಆಮೇಲೆ ಪುಣೆಯ ಮುಖ್ಯ ಕಚೇರಿಯಿಂದ ಆದೇಶ ಬಂತು. ನೌಕರರೆಲ್ಲರೂ ಕಚೇರಿಗೆ ಮರಳಬೇಕು. ಬೆಳಿಗ್ಗೆ ಒಂಬತ್ತೂವರೆಗೆ ರಾಯಚೂರಿನ ಕಚೇರಿಯಲ್ಲಿ ಯಂತ್ರಕ್ಕೆ ಮುಖ ತೋರಿಸಿ ಹಾಜರಿ, ಸಂಜೆ ಐದಕ್ಕೆ ಮತ್ತೊಮ್ಮೆ. ನಡುವೆ ಹಳ್ಳಿಗೆ ಹೋಗಬೇಕಿದ್ದರೆ ಹಿಂದಿನ ದಿನವೇ ಮೊಬೈಲ್ ಆಪ್‌ನಲ್ಲಿ ಒಪ್ಪಿಗೆ ಪಡೆದಿರಬೇಕು. ಮರಳಬೇಕಾದ ಆ ಕಚೇರಿಯಲ್ಲಿ ವಿನೋದ ಒಂದು ದಿನವೂ ಕೂತವನಲ್ಲ. ಅಲ್ಲಿ ಅವನಿಗೊಂದು ಕುರ್ಚಿಯೂ ಇರಲಿಲ್ಲ.

ಆದೇಶದ ಮೊದಲ ಎರಡು ತಿಂಗಳಲ್ಲಿ ಅವನು ಎರಡು ಸಲ ಹೇಳದೆ ಕೇಳದೆ ಕಚೇರಿಯಿಂದ ಎದ್ದು ಹಳ್ಳಿಗೆ ಓಡಿದ್ದ. ಎರಡನೆಯ ಸಲಕ್ಕೆ ನೋಟಿಸು ಬಂತು, ಮೂರನೆಯ ಸಲ ಕೆಲಸ ಇಲ್ಲ ಎಂದು. ಮನೆಯಲ್ಲಿ ಬೇರೆ ಸಂಬಳವಿರಲಿಲ್ಲ. ಹೀಗಾಗಿ ಆ ಗುರುವಾರ ಬೆಳಿಗ್ಗೆ ಹೆಂಡತಿ ವಿಶಾಖಾ ರೊಟ್ಟಿ ಬುತ್ತಿ ಕೈಗಿಡುತ್ತ, "ಇವತ್ತ ಎಲ್ಲಿನೂ ಹಾಯಬ್ಯಾಡ. ಫೋನ್ ತೆಗೀಬ್ಯಾಡ. ಸೀದಾ ಹೋಗು," ಎಂದಳು.

ಅವನು ಸೀದಾ ಹೋದ. ದಾರಿಯಲ್ಲಿ ಫೋನ್ ಜೇಬಿನಲ್ಲಿ ನಡುಗುತ್ತಲೇ ಇತ್ತು. ರಾಯಚೂರಿನಲ್ಲಿ ಮುಖ ತೋರಿಸಿ, ಹಾಜರಿ ಬಿದ್ದ ಮೇಲೆ ತೆಗೆದು ನೋಡಿದರೆ ಎಲ್ಲ ಕರೆಗಳೂ ಮಸರಕಲ್ಲಿನ ದಾವಲ್ ಬೀಯವು. ಗಂಡ ತೀರಿದ ಮೇಲೆ ಒಂದೇ ಎಮ್ಮೆಯನ್ನು ನೆಚ್ಚಿಕೊಂಡ ಹೆಂಗಸು. ಆ ಎಮ್ಮೆಗೆ ಎರಡು ಸಲ ಹೊತ್ತು ತಪ್ಪಿತ್ತು. ಎರಡೂ ಈ ಆದೇಶ ಬಂದ ಮೇಲೆ.

"ಎಲ್ಲಿ ಸತ್ತಿದ್ದಿ ಡಾಕ್ಟರಾ?" ಅವಳ ದನಿ ವರಾಂಡಕ್ಕೆಲ್ಲ ಕೇಳಿಸಿತು. "ನಿನ್ನಿ ಮಧ್ಯಾಹ್ನದಿಂದ ಒದರಾಕತ್ತದ. ಓಣಿ ಮಂದಿ ನನಗ ಬೈಯಾಕತ್ತಾರ."

"ನಿನ್ನೇನ ಯಾಕ ಹೇಳಲಿಲ್ಲ ಯವ್ವಾ?"

"ಫೋನ್ ಮಗ ಒಯ್ದಿದ್ದ. ಹೊಲಕ್ಕ ನೀರು ಬಿಡಾಕ ಹೋದಾಂವ ಮುಂಜಾನಿ ಬಂದ. ನೀ ಎಲ್ಲಿದ್ದಿ?"

"ರಾಯಚೂರಾಗ."

"ರಾಯಚೂರಾಗ ಎಮ್ಮಿ ಎಲ್ಲಿ ಅದಾವ?"

ವಿನೋದನಿಗೆ ನಗು ಬಂತು, ನಗಲಿಲ್ಲ. ಅವಳ ದನಿ ಇಳಿಯಿತು. "ನೋಡಪಾ, ಗೂಗಲ್ಲಿನ ಮೌನಪ್ಪ ಎಮ್ಮಿ ವ್ಯಾಪಾರಕ್ಕ ಬಂದಿದ್ದ. ರೇಟ್ ಚಲೋ ಹೇಳ್ಯಾನ. ನಾಳಿ ಟೆಂಪೋ ತರ್ತೀನಿ ಅಂದಾನ, ಆಮ್ಯಾಲ ಈ ಕಡಿ ಬರೂದಿಲ್ಲಂತ. ಸಂಜಿಮಟ ತಡಿ ಅಂತ ಹೇಳೀನಿ. ಇವತ್ತ ನಿನ್ನ ಕೆಲಸ ಆತಂದ್ರ ಇಟ್ಕೋತೀನಿ. ಇಲ್ಲಂದ್ರ ಕೊಟ್ಟುಬಿಡ್ತೀನಿ. ಗೊಡ್ಡು ಎಮ್ಮಿಗೆ ಬ್ಯಾಸಗಿ ಪೂರಾ ಮೇವು ಕೊಂಡು ಹಾಕೂ ಶಕ್ತಿ ನನಗಿಲ್ಲ."

ವಿನೋದ ಲೆಕ್ಕ ಹಾಕಿದ. ಸಣ್ಣ ಕ್ಯಾನು ಬೈಕಿನಲ್ಲೇ ಇತ್ತು. ಈಗಲೇ ಹೊರಟರೆ ಮಧ್ಯಾಹ್ನದೊಳಗೆ ಕಡ್ಡಿ ಹಾಕಬಹುದು. ಇನ್ನೂ ಆಸೆಯಿತ್ತು. ಸಂಜೆಗೆ ಇರುವುದಿಲ್ಲ. ಸರ್ಕಾರಿ ದನದ ದವಾಖಾನೆಗೆ ಫೋನ್ ಮಾಡಿದ. ಅವರೆಲ್ಲ ಕಾಲುಬಾಯಿ ಬೇನೆ ಲಸಿಕೆಗೆಂದು ಬೇರೆ ಊರುಗಳಿಗೆ ಹೋಗಿದ್ದರು.

ಮ್ಯಾನೇಜರ್ ಗುರುಪ್ರಸನ್ನ ಅವನಿಗಿಂತ ಚಿಕ್ಕವನು, ಕೆಟ್ಟವನಲ್ಲ. ಎಲ್ಲ ಕೇಳಿಸಿಕೊಂಡು ಕಂಪ್ಯೂಟರನ್ನು ವಿನೋದನ ಕಡೆಗೆ ತಿರುಗಿಸಿದ. "ನೀವೇ ನೋಡ್ರಿ. ಹಿಂದಿನ ದಿನಾ ಅರ್ಜಿ ಹಾಕಿದ್ರ ಮಾತ್ರ ಒಪ್ಪಿಗೆ ಕೊಡ್ಲಿಕ್ಕೆ ಬರ್ತದ. ನನ್ನ ಕೈಯಾಗ ಏನೂ ಇಲ್ರಿ. ನೀವು ಹೊರಗ ಹೋದ್ರ ನಿಮ್ಮ ಫೋನಿನ ಆಪ್ ತಾನೇ ಪುಣೆಗೆ ಹೇಳ್ತದ."

ಮಾನ್ವಿ ಕಡೆಯ ತಂತ್ರಜ್ಞ ಸೈಫುದ್ದೀನ್ ಬಾಗಿಲಲ್ಲೇ ನಿಂತಿದ್ದ. "ತಪ್ಪು ಎಮ್ಮಿದು ಸರ್. ನಿನ್ನೇನ ಅರ್ಜಿ ಹಾಕಬೇಕಿತ್ತು ಅದು. ಖಾಲಿ ಒದರಿದ್ರ ಹ್ಯಾಂಗ?"

ಎಲ್ಲರೂ ನಕ್ಕರು. ಗುರುಪ್ರಸನ್ನನೂ ನಕ್ಕ, ಆಮೇಲೆ ಕೀಲಿಮಣೆ ನೋಡುತ್ತ ಕೂತ.

ಆ ದಿನ ಪುಣೆಯವರ ತರಬೇತಿ ಇತ್ತು. ಜೊತೆಯಲ್ಲಿ ಕೂತು ಕೆಲಸ ಮಾಡುವುದರ ಲಾಭಗಳ ಬಗ್ಗೆ ಗೋಡೆಯ ಪರದೆ ಮೇಲೆ ಒಬ್ಬಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ರಾಯಚೂರು, ಮಾನ್ವಿ, ದೇವದುರ್ಗದ ತಂತ್ರಜ್ಞರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಸಾಲಾಗಿ ಕೂತಿದ್ದರು. ಪ್ರತಿಯೊಬ್ಬರ ತೊಡೆಯ ಮೇಲೂ ಫೋನ್ ಬೆಳಗುತ್ತಿತ್ತು, ಆರುತ್ತಿತ್ತು. ವಿನೋದ ಎರಡು ಸಲ ಎದ್ದು ಬೈಕಿನ ತನಕ ಹೋದ. ಎರಡನೆಯ ಸಲ ಹಿಂದೆಯೇ ಬಂದ ಸೈಫುದ್ದೀನ್ ಅವನ ಭುಜ ಹಿಡಿದ.

"ಲೇ, ಹೋಗಬ್ಯಾಡೋ. ಒಂದು ಎಮ್ಮಿ ಸಲುವಾಗಿ ನೌಕರಿ ಕಳ್ಕೋತೀಯೇನು?"

"ಹೊತ್ತು ಹೊಂಟದೋ."

"ಹೋಗ್ಲಿ. ನಮ್ಮದೂ ಹೊಂಟದ."

ವಿನೋದ ಒಳಗೆ ಬಂದು ಕೂತ.

ಐದಕ್ಕೆ ಮುಖ ತೋರಿಸಿ ಹೊರಟು ಮಸರಕಲ್ ಮುಟ್ಟುವಾಗ ಹೊತ್ತು ಮುಳುಗಿತ್ತು. ಓಣಿಗೆ ತಿರುಗುವಾಗ ಕಿವಿಗೊಟ್ಟ. ಎಮ್ಮೆಯ ಸದ್ದಿರಲಿಲ್ಲ. ಒಳಗೆ ಅದು ಮಲಗಿ ಮೆಲುಕು ಹಾಕುತ್ತಿತ್ತು. ಅಷ್ಟಕ್ಕೇ ಹೊತ್ತು ಮೀರಿದ್ದು ಅವನಿಗೆ ತಿಳಿಯಿತು. ಆದರೂ ಅದನ್ನು ಎಬ್ಬಿಸಿ, ಭುಜದವರೆಗಿನ ಕೈಗವಸು ತೊಟ್ಟು, ಒಳಗೆ ಕೈ ಹಾಕಿ ನೋಡಿದ. ಲೋಳೆ ಆರಿತ್ತು. ಗರ್ಭದ ಬಾಯಿ ಬಿಗಿದಿತ್ತು.

ದಾವಲ್ ಬೀ ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಮೊಬೈಲಿನ ಬೆಳಕು ಹಿಡಿದು ನಿಂತಿದ್ದಳು. "ಹೊತ್ತು ಮೀರಿಲ್ಲ ಹೌದಿಲ್ಲೋ?"

ಇಲ್ಲಿ ಅವನು ಹೇಳಬೇಕಾದ ಮಾತನ್ನು ಎಷ್ಟೋ ಕೊಟ್ಟಿಗೆಗಳಲ್ಲಿ ಹೇಳಿದ್ದ. ಆದರೆ ಆಗೆಲ್ಲ ಹೊತ್ತು ತಪ್ಪಿಸಿದ್ದು ಬೇರೆಯವರು. ಬೇರೆ ಊರಿಗೆ ಹೋಗಿದ್ದ ಗಂಡ, ತಡವಾಗಿ ನೋಡಿದ ಸೊಸೆ. ಈ ಸಲ ಹೊತ್ತು ಇದ್ದಾಗ ಅವನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಮೀರಿದೆ ಎಂದರೆ ಅವಳು ಯಾಕೆ ಎಂದು ಕೇಳುತ್ತಾಳೆ. ಮೂರನೆಯ ಸಲವೂ ನಿನ್ನಿಂದಲೇ ಎನ್ನುತ್ತಾಳೆ, ಅದು ನಿಜ. ಕೆಲವು ಎಮ್ಮೆಗಳಿಗೆ ಅಂಡ ತಡವಾಗಿ ಬಿಡುಗಡೆಯಾಗುವುದುಂಟು. ನೂರರಲ್ಲಿ ಒಂದೋ ಎರಡೋ. ಇದು ಅಂಥದ್ದಲ್ಲ ಎಂದು ಅವನ ಬೆರಳುಗಳಿಗೆ ಗೊತ್ತಿತ್ತು.

"ಮೀರಿಲ್ಲ ಯವ್ವಾ," ಎಂದ. "ಬಿಸಿನೀರು ತಾ."

ಕಡ್ಡಿಯನ್ನು ಬಿಸಿನೀರಿನಲ್ಲಿಟ್ಟು ಹೆಪ್ಪು ಕರಗಿಸಿ, ಒರೆಸಿ, ತುದಿ ಕತ್ತರಿಸಿ, ಹಾಕಿದ. ಯಾವುದನ್ನೂ ಅವಸರ ಮಾಡಲಿಲ್ಲ, ಯಾವುದನ್ನೂ ಬಿಡಲಿಲ್ಲ. ಅಷ್ಟು ನೀಟಾಗಿ ಅವನು ಮೊದಲ ವರ್ಷದಲ್ಲೂ ಮಾಡಿರಲಿಲ್ಲವೇನೋ. ಎಮ್ಮೆ ಅಲುಗದೆ ನಿಂತಿತ್ತು.

"ರಾಯಚೂರಿಂದ ಓಡಿ ಬಂದೀಯಲ್ಲಪಾ," ಎಂದು ದಾವಲ್ ಬೀ ಅವನ ಕೈಗೆ ನೀರು ಹೊಯ್ದಳು. "ಮುಂಜಾನಿ ಬೈದದ್ದು ಮನಸಿಗೆ ಹಚ್ಕೋಬ್ಯಾಡ. ಚಹಾ ಇಡ್ತೀನಿ, ಕುಡಿದ ಹೋಗಬೇಕು." ಸೀರೆಯ ಸೆರಗಿಗೆ ಕೈ ಒರೆಸಿಕೊಂಡು, ಅವನ ಎದುರಿಗೇ ಫೋನ್ ಹಚ್ಚಿದಳು.

"ಮೌನಪ್ಪಣ್ಣಾ, ನಾಳಿ ಟೆಂಪೋ ತರಬ್ಯಾಡ... ಹೂಂ, ಬಂದಿದ್ದ, ಈಗ ಆತು... ಇಲ್ಲಣ್ಣಾ, ಎಷ್ಟು ಏರಿಸಿದ್ರೂ ಇಲ್ಲ... ಹೊತ್ತಿಗೆ ಆಗ್ಯದ ಅಂತ ಅವನೇ ಹೇಳ್ಯಾನ. ಹೊತ್ತು ಮೀರಿದ್ರ ಅಂವ ಹಾಕಾವಲ್ಲ."

ವಿನೋದ ಬಾಯಿ ತೆರೆದ. ಅವಳು ಫೋನಿನ ಮೇಲೆ ಅಂಗೈ ಮುಚ್ಚಿ, ಏನು ಎಂಬಂತೆ ಹುಬ್ಬು ಹಾರಿಸಿದಳು.

"ಸಕ್ರಿ ಕಮ್ಮಿ ಹಾಕು," ಎಂದ.

ಅವಳು ತಲೆಯಾಡಿಸಿ, ಮೌನಪ್ಪನಿಗೆ ಮತ್ತೊಮ್ಮೆ ಬೇಡವೆಂದು ಹೇಳಿ, ಫೋನ್ ಇಟ್ಟು ಒಲೆಯ ಕಡೆಗೆ ಹೋದಳು.