ನಾಲ್ಕನೇ ಹಂಸದಲ್ಲಿ ಕೂತವಳು

ಬೇಸಿಗೆ ಬಂತೆಂದರೆ ಇಡೀ ಊರು ಕೆರೆಯ ದಂಡೆಗೆ ಬಂದು ಬೀಳುತ್ತದೆ. ಈಜು ಬಲ್ಲವರು ನೀರಿಗೆ ಹಾರುತ್ತಾರೆ, ಬಾರದವರು ಐಸ್‌ಕ್ರೀಮ್ ಚೀಪುತ್ತ ಹುಲ್ಲಿನ ಮೇಲೆ ಕಾಲು ಚಾಚುತ್ತಾರೆ. ಆದರೆ ಬಿಸಿಲು ಇಳಿಯುತ್ತಿದ್ದಂತೆ ಜನ ನಾ ಮುಂದು ತಾ ಮುಂದು ಎಂದು ಜಾಗ ಹಿಡಿಯುವುದು ದೋಣಿಕಟ್ಟೆಯ ಎದುರಿನ ಮೆಟ್ಟಿಲ ಮೇಲೆ. ಯಾಕೆಂದರೆ ಅಲ್ಲಿ ತುತ್ತೂರಿ ಇದ್ದಾನೆ.

ತುತ್ತೂರಿ ಅಂದರೆ ಊದುವ ತುತ್ತೂರಿಯಲ್ಲ, ಮನುಷ್ಯ. ಹಂಸದ ಆಕಾರದ ಪೆಡಲ್ ದೋಣಿಗಳನ್ನು ಬಾಡಿಗೆಗೆ ಬಿಟ್ಟು, ಹೊತ್ತು ಮುಗಿದ ಮೇಲೆ ಕೈಮೈಕಿನಲ್ಲಿ ಕೂಗಿ ವಾಪಸು ಕರೆಸುವುದು ಅವನ ಕೆಲಸ. ಮೊದಮೊದಲು ಅವನೂ ಮರ್ಯಾದೆಯಾಗಿಯೇ ಕೂಗುತ್ತಿದ್ದ. ಒಬ್ಬರಾದರೂ ಬರಬೇಕಲ್ಲ! ನೀರಿಗಿಳಿದ ಮೇಲೆ ಎಲ್ಲರಿಗೂ ಕಿವುಡು. ಒಂದು ದಿನ ತಲೆಕೆಟ್ಟು, "ಏಳನೇ ನಂಬರ್ ಅಣ್ಣಾ, ದೋಣಿ ಬಾಡಿಗೆಗೆ ಕೊಟ್ಟಿದ್ದು, ವರದಕ್ಷಿಣೆಗಲ್ಲ!" ಎಂದುಬಿಟ್ಟ. ದಂಡೆಯೆಲ್ಲ ಗೊಳ್ಳೆಂದಿತು, ಏಳನೇ ಹಂಸ ಬಾಲಕ್ಕೆ ಬೆಂಕಿ ಬಿದ್ದಂತೆ ಓಡಿಬಂತು. ಅವತ್ತೇ ಅವನಿಗೆ ಗುಟ್ಟು ಗೊತ್ತಾಯಿತು: ಕೂಗಿಗೆ ಬಾರದ ದೋಣಿ ನಾಚಿಕೆಗೆ ಬರುತ್ತದೆ. ಆಮೇಲೆ ಅದೇ ಅವನ ಕಸುಬಿನ ರೀತಿಯಾಯಿತು. ಯಜಮಾನರಿಗೆ ಖುಷಿ, ಮೆಟ್ಟಿಲ ಮೇಲಿನವರಿಗೆ ಪುಕ್ಕಟೆ ನಾಟಕ. ಕಿತ್ತಳೆ ಬಣ್ಣದ ಲೈಫ್ ಜಾಕೆಟ್, ಕೌಂಟರಿನಲ್ಲಿ ಕೊಡುವ ಹುಲ್ಲಿನ ಟೋಪಿ, ಇವೆರಡರೊಳಗೆ ಸೇರಿಕೊಂಡ ಮೇಲೆ ಯಾರಿಗೂ ಮುಖ ಅಂತ ಇರುವುದಿಲ್ಲ. ಅವನ ಕಣ್ಣಿಗೆ ಬೀಳುತ್ತಿದ್ದುದು ಬರೀ ನಂಬರು.

ಆ ಜಾಕೆಟ್‌ಗಳ ಪಟ್ಟಿಗಳೆಲ್ಲ ಕಿತ್ತುಹೋದಾಗ ರಿಪೇರಿಗೆ ಬರುವುದು ಅವನ ಮನೆಗೇ. ಹೆಂಡತಿ ಹೊಲಿಗೆಯವಳು. ಅಡುಗೆಮನೆಯ ಕಿಟಕಿಯ ಪಕ್ಕ ಅವಳ ಕಾಲುಮೆಷಿನ್. ಮೈ ದಪ್ಪಗಿರುವವರಿಗೆ ಬಕಲ್ ಕೂರದೆ ಮುಜುಗರವಾಗುತ್ತದೆಂದು, ಯಾರೂ ಕೇಳದಿದ್ದರೂ ಕೆಲವು ಜಾಕೆಟ್‌ಗಳಿಗೆ ಉದ್ದ ಪಟ್ಟಿ ಸೇರಿಸಿದವಳು ಅವಳೇ. ಅವಳೂ ತೂಕದ ಹೆಂಗಸು, ಆ ಕಷ್ಟ ಬಲ್ಲವಳು. ಆದರೆ ಇಷ್ಟು ವರ್ಷವಾದರೂ ಒಂದು ಸಲ ದೋಣಿ ಹತ್ತಿರಲಿಲ್ಲ. ಕೇಳಿದಾಗಲೆಲ್ಲ, "ಈ ರಶ್ ಒಂದು ಮುಗೀಲಿ ಕಣೇ, ನಾನೇ ಕೂರಿಸ್ಕೊಂಡು ಹೋಗ್ತೀನಿ" ಅನ್ನುತ್ತಿದ್ದ. ರಶ್ ಮುಗಿಯುವ ಹೊತ್ತಿಗೆ ಹಂಸಗಳೆಲ್ಲ ಟಾರ್ಪಾಲಿನಡಿ ಬೋರಲು ಬಿದ್ದಿರುತ್ತಿದ್ದವು.

ಈ ಬೇಸಿಗೆಯಲ್ಲಿ ಅವನ ನಾದಿನಿ ಬಂದಳು. ಬಾಯಿ ಜೋರು, ಕಾಲು ಇನ್ನೂ ಜೋರು. "ಅಕ್ಕಾ, ಭಾವನ್ನ ನಂಬ್ಕೊಂಡ್ರೆ ನೀನು ನೀರು ನೋಡೋದು ಬಕೆಟ್‌ನಲ್ಲೇ. ಏಳು, ಸೀರೆ ಬದಲಾಯಿಸು" ಎಂದು ಭಾನುವಾರ ಅಕ್ಕನನ್ನು ಎಳೆದುಕೊಂಡೇ ಹೊರಟಳು. ತುತ್ತೂರಿ ಷೆಡ್ಡಿನ ಹಿಂದೆ ಚಹಾ ಕುಡಿಯುತ್ತಿದ್ದ. ಟಿಕೆಟ್ಟಿನವಳಿಗೆ ನಾದಿನಿ ಕಣ್ಣು ಹೊಡೆದಳು: "ಭಾವನಿಗೆ ಹೇಳ್ಬೇಡಿ. ಹೆಂಡ್ತಿ ನೀರಿನ ಮೇಲೆ ಹೋಗೋದು ನೋಡಿ ಬಾಯಿ ಬಿಟ್ಕೊಂಡು ನಿಲ್ಲಲಿ."

ಅವನು ಚಹಾ ಮುಗಿಸಿ ಮೈಕು ಹಿಡಿದು ಬಂದಾಗ ನಾಲ್ಕನೇ ಹಂಸ ಕೆರೆಯ ನಡುವೆ ನಿಂತಲ್ಲೇ ಸುತ್ತುತ್ತಿತ್ತು. ಆಗಿದ್ದೇನೆಂದರೆ, ಹೊಲಿಗೆ ಮೆಷಿನ್ನು ತುಳಿದ ಅಕ್ಕನ ಪಾದಕ್ಕೆ ಮುಂದೊಮ್ಮೆ ಹಿಂದೊಮ್ಮೆ ಒತ್ತುವ ಅಭ್ಯಾಸ. ದೋಣಿಯ ಪೆಡಲನ್ನು ಪೂರ್ತಿ ತುಳಿಯಬೇಕೆಂದು ಆ ಕಾಲಿಗೆ ಗೊತ್ತಿಲ್ಲ. ತಂಗಿ ಮುಂದಕ್ಕೆ ತುಳಿದರೆ ಅಕ್ಕ ಅರ್ಧ ಮುಂದಕ್ಕೆ, ಅರ್ಧ ಹಿಂದಕ್ಕೆ. ದಡದಿಂದ ಕಾಲು ಕಾಣಬೇಕಲ್ಲ? ಕಂಡಿದ್ದರೆ ಅವನು ಗುರುತು ಹಿಡಿಯುತ್ತಿದ್ದನೋ ಏನೋ. ಅವನಿಗೆ ಕಂಡದ್ದು ಒಂದು ಮಗ್ಗುಲಿಗೆ ವಾಲಿದ ಹಂಸ, ಎರಡು ಟೋಪಿ. ಮೆಟ್ಟಿಲ ಮೇಲೆ ಜನ ಕಾಯುತ್ತಿದ್ದರು.

"ನಾಲ್ಕನೇ ನಂಬರ್ ಅಮ್ಮಾ, ಕೆರೆ ಕಡೀತಾ ಇದ್ದೀರಲ್ಲ, ಬೆಣ್ಣೆ ಬಂತಾ?"

ದಂಡೆ ಗೊಳ್ಳೆಂದಿತು. ವಿಚಿತ್ರವೆಂದರೆ, ಆ ದೋಣಿಯೊಳಗಿನ ದಪ್ಪ ಮೈಯ ಟೋಪಿಯೂ ಕುಲುಕುಲು ನಕ್ಕಂತಾಯಿತು. ಅವನಿಗೆ ಇನ್ನಷ್ಟು ಹುರುಪು.

"ಹಂಸ ಒಂದು ಕಡೆ ಕುಸಿದು ಕೂತಿದೆ ನೋಡ್ರಪ್ಪಾ! ಮನೇಲಿ ಮಾಡಿದ್ದೆಲ್ಲಾ ನೀವೇ ಮುಗಿಸ್ತೀರೋ, ಗಂಡನಿಗೂ ಒಂದು ತುತ್ತು ಮಿಗಿಸ್ತೀರೋ? ಅಯ್ಯೋ, ಪಾಪ, ಆ ಪುಣ್ಯಾತ್ಮನ ಮುಖ ಒಂದು ಸಲ ನೋಡ್ಬೇಕಿತ್ತು!"

ಜನ ಹೊಟ್ಟೆ ಹಿಡಿದುಕೊಂಡರು. ದೋಣಿಯಲ್ಲಿ ನಗು ನಿಂತಿತು. ಟೋಪಿ ಪಕ್ಕಕ್ಕೆ ಬಾಗಿ ಹಂಸದ ಮೈಮೇಲೆ ಬರೆದ ನಂಬರನ್ನು ನೋಡಿತು. ಟಿಕೆಟ್ಟಿನವಳು ಕೌಂಟರು ಬಿಟ್ಟು ಓಡಿಬಂದು ಅವನ ತೋಳು ಹಿಡಿದಳು. "ಸಾಕು ಮಾಡೋ ಪುಣ್ಯಾತ್ಮ! ಅದು ನಿನ್ನ ಹೆಂಡ್ತಿ ಕಣೋ."

ಮೈಕು ಇನ್ನೂ ಆನ್ ಇತ್ತು. ಅದೂ ದಂಡೆಗೆಲ್ಲ ಕೇಳಿತು.

ಅಷ್ಟು ದೊಡ್ಡ ನಗು ಆ ದಂಡೆಯಲ್ಲಿ ಹಿಂದೆಂದೂ ಎದ್ದಿರಲಿಲ್ಲ. ತುತ್ತೂರಿಯ ಮುಖಕ್ಕೆ ರಕ್ತ ನುಗ್ಗಿತು. ಓಡೋಣವೆಂದರೆ ದೋಣಿ ಹಗ್ಗ ಹಾಕಿ ಎಳೆಯುವವನೂ ಅವನೇ. ನಾಲ್ಕನೇ ಹಂಸ ಕಟ್ಟೆಗೆ ತಾಗುವವರೆಗೆ ಹಗ್ಗ ಹಿಡಿದು ನಿಂತೇ ಇರಬೇಕಾಯಿತು.

ಮೊದಲು ಇಳಿದದ್ದು ನಾದಿನಿ. "ನೋಡಬೇಕಿತ್ತಂತಲ್ಲ ಭಾವಾ, ಆ ಪುಣ್ಯಾತ್ಮನ ಮುಖ? ಕನ್ನಡಿ ತರ್ಲಾ?"

ಆಮೇಲೆ ಹೆಂಡತಿ ಇಳಿದಳು. ಜಾಕೆಟ್ಟಿನ ಬಕಲ್ ಬಿಚ್ಚಿ, ಮಡಚಿ, ಅವನ ಕೈಗೆ ಕೊಟ್ಟಳು. ಕೊಡುವಾಗಲೂ ಇನ್ನೊಂದು ಕೈಯಲ್ಲಿ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಿದ್ದಳು. ಮನೆಯಲ್ಲಿ ಅವನೆದುರು ಅವಳು ಯಾವತ್ತೂ ಹಾಗೆ ಎಳೆದುಕೊಂಡವಳಲ್ಲ. ಅದನ್ನು ಕಂಡು ಅವನಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು.

ಮನೆಗೆ ಹೋದಾಗ ತಟ್ಟೆ ಹಾಕಿತ್ತು. ಅನ್ನ ಎಂದಿನಷ್ಟೇ, ಬಹುಶಃ ಒಂದು ಹಿಡಿ ಜಾಸ್ತಿಯೇ ಇತ್ತು. ಕೈ ಹಾಕಲು ಧೈರ್ಯ ಬರಲಿಲ್ಲ.

"ನೀನು ಅಂತ ಗೊತ್ತಾಗ್ಲಿಲ್ಲ ಕಣೇ. ದೇವರಾಣೆಗೂ ಗೊತ್ತಾಗ್ಲಿಲ್ಲ."

"ಗೊತ್ತಾಗಿರಲ್ಲ ಬಿಡಿ" ಎಂದಳು ಅವಳು, ಮೆಷಿನ್ನಿನ ಸೂಜಿಗೆ ದಾರ ಪೋಣಿಸುತ್ತ. "ನನಗೂ ಗೊತ್ತಾಗ್ಲಿಲ್ಲ. ಬೇರೆ ಯಾರಿಗೋ ಹೇಳ್ತಿದ್ದೀರಿ ಅಂತ ನಾನೂ ನಕ್ಕೆ. ಜೋರಾಗೇ ನಕ್ಕೆ."

"ತಪ್ಪಾಯ್ತು."

"ನನ್ನದು ಹೋಗ್ಲಿ ರೀ. ನಾನು ಮನೆಗೆ ಬಂದ್ರೆ ನೀವು ತಪ್ಪಾಯ್ತು ಅನ್ನೋಕಾದ್ರೂ ಇದ್ದೀರಿ." ದಾರ ಸೂಜಿಯೊಳಗೆ ಹೋಗಲಿಲ್ಲ. ತುದಿಯನ್ನು ಒದ್ದೆ ಮಾಡಿ ಮತ್ತೆ ಪ್ರಯತ್ನಿಸಿದಳು. "ಇಷ್ಟು ವರ್ಷ ನಗಿಸಿದ್ರಲ್ಲ, ಆ ಹೆಂಗಸರೆಲ್ಲ ಮನೆಗೆ ಹೋಗಿ ಏನ್ ಮಾಡ್ಕೊಂಡ್ರೋ."



ಮರುದಿನ ಮೆಟ್ಟಿಲ ಮೇಲೆ ಎಂದಿಗಿಂತ ಹೆಚ್ಚು ಜನ. ಸುದ್ದಿ ಹಬ್ಬಿತ್ತು. ಒಂಬತ್ತನೇ ಹಂಸ ಹೊತ್ತು ಮೀರಿದರೂ ಬಂದಿರಲಿಲ್ಲ. ಯಾರೋ ಸಿಳ್ಳೆ ಹೊಡೆದರು, "ಬಿಡು ತುತ್ತೂರಿ ಒಂದು!" ಎಂದರು. ಅವನು ಮೈಕು ಮುಟ್ಟದೆ ಹುಟ್ಟುದೋಣಿ ಬಿಚ್ಚಿ, ತಾನೇ ಹುಟ್ಟು ಹಾಕುತ್ತ ಕೆರೆಯ ನಡುವಿನವರೆಗೆ ಹೋದ. ಬೆನ್ನ ಹಿಂದೆ ಜನ "ಊಂ" ಎಂದು ರಾಗ ಎಳೆದು ಬೇಸರ ತೋರಿಸಿದರು. ಅವನು ತಿರುಗಿ ನೋಡಲಿಲ್ಲ.

ಹಂಸದಲ್ಲಿ ಗಂಡ ಹೆಂಡತಿ. "ಟೈಮಾಯ್ತು, ದಯವಿಟ್ಟು ದಡಕ್ಕೆ ಬನ್ನಿ" ಎಂದ, ಮೆಲ್ಲಗೆ.

ಗಂಡ ಕೈಚೆಲ್ಲಿ ನಕ್ಕ. "ಏನ್ರೀ ಇದು, ಇಷ್ಟೇನಾ? ನಿಮ್ಮ ಮಾತು ಕೇಳೋಕೇ ಅಂತ ಬೇಕಂತಲೇ ಲೇಟ್ ಮಾಡಿದ್ವಿ! ಹೋದ ಬೇಸಿಗೇಲಿ ಇವಳಿಗೊಂದು ಹೇಳಿದ್ರಲ್ಲ, ಅಬ್ಬಬ್ಬಾ! ನಮ್ಮನೇಲಿ ಇವತ್ತಿಗೂ ನೆಂಟರು ಬಂದ್ರೆ ಅದನ್ನೇ ಹೇಳಿ ನಗ್ತೀವಿ."

ಹೆಂಡತಿ ಆಚೆ ಮಗ್ಗುಲಿನ ನೀರು ನೋಡುತ್ತ ಕೂತಿದ್ದಳು.

ಏನು ಹೇಳಿದ್ದೆ ಎಂದು ತುತ್ತೂರಿಗೆ ನೆನಪೇ ಇಲ್ಲ. ಅವಳ ಮುಖ ಕಾಣಲೆಂದು ಅವನು ಸ್ವಲ್ಪ ಬಾಗಿದ. ಅವಳು ಟೋಪಿಯನ್ನು ಇನ್ನಷ್ಟು ಕೆಳಕ್ಕೆ ಎಳೆದುಕೊಂಡಳು.