ಒಲೆಯ ಮುಂದಿನ ನರ್ಮದೆ

ಬಾಳಾ, ಪುಟ್ಟಿ, ತಮ್ಯಾ, ನಿಮ್ಮ ಅವ್ವನಿಗೆ ಇತಿಹಾಸ ಹೇಳಿಕೊಟ್ಟವಳು ನಾನು. ನಂಬಿಕೆ ಬರದಿದ್ದರೆ ಅವಳನ್ನೇ ಕೇಳಿ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನೂ ನಿಮ್ಮ ಅವ್ವನೂ ಧಾರವಾಡದಲ್ಲಿ ನನ್ನ ಭಾವನವರ, ಅಂದರೆ ನಿಮ್ಮ ಅಜ್ಜನ ಅಣ್ಣನ, ಮನೆಯಲ್ಲಿದ್ದೆವು. ಭಾವನಿಗೆ ಹೆಂಡತಿ ಇರಲಿಲ್ಲ, ಅತ್ತೆಗೆ ಒಲೆಯ ಮುಂದೆ ಕೂಡುವ ಶಕ್ತಿ ಇರಲಿಲ್ಲ. ಅಡುಗೆಯೆಲ್ಲ ನನ್ನದೇ, ಅದೂ ಮಡಿಯಲ್ಲಿ. ಶಾಲೆಯ ಬಟ್ಟೆಯಲ್ಲಿರುವ ಮಗಳನ್ನಾಗಲಿ ಅವಳ ಪುಸ್ತಕವನ್ನಾಗಲಿ ಮುಟ್ಟಿದರೆ ಮತ್ತೆ ಸ್ನಾನ. ಹೀಗಾಗಿ ಅವಳು ಹೊಸ್ತಿಲಾಚೆ ಕುಳಿತು ಪಾಠ ಓದುವಳು, ನಾನು ಒಳಗಿನಿಂದ ಕೇಳುವೆ. ನಾನು ಓದಿದ್ದು ಹಳ್ಳಿಯಲ್ಲಿ, ನಾಲ್ಕನೆಯ ಇಯತ್ತೆಯವರೆಗೆ ಮಾತ್ರ.

ಆ ವರ್ಷ ಭಾವ ಹೇಳಿಬಿಟ್ಟಿದ್ದರು: “ಪರೀಕ್ಷಾದಾಗ ಪಾಸಾದ್ರ ಸಾಲಿ. ನಾಪಾಸಾದ್ರ ಅವ್ವನ ಜೋಡಿ ಒಲಿ ಮುಂದ ಕೂಡಲಿ.”

ಉಳಿದ ವಿಷಯಗಳ ಚಿಂತೆ ಇರಲಿಲ್ಲ. ಇತಿಹಾಸ ಮಾತ್ರ ಅವಳ ತಲೆಗೆ ಹತ್ತದು. ಬಾದಾಮಿಯ ಅರಸ ಉತ್ತರದ ದಂಡನ್ನು ತಡೆದದ್ದು ನರ್ಮದೆಯ ದಂಡೆಯಲ್ಲಿ. ಇವಳು ಶಾಲೆಯಲ್ಲಿ ತುಂಗಭದ್ರೆ ಎಂದು ಬರೆದು ಬಂದಿದ್ದಳು.

“ತುಂಗಭದ್ರಾ ತನಕಾ ಬರಗೊಟ್ಟಿದ್ರ ಬಾದಾಮಿ ಉಳೀತಿತ್ತೇನ, ಹುಚ್ಚಿ?”

“ನನಗೇನ ಗೊತ್ತವ್ವಾ? ನಾ ಎಲ್ಲಿ ನೋಡೇನಿ?”

ನರ್ಮದೆಯನ್ನು ನಾನೂ ನೋಡಿರಲಿಲ್ಲ. ಆದರೆ ನನ್ನ ತವರು ಮಲಪ್ರಭೆಯ ದಂಡೆ. ಬಾದಾಮಿ ಯಾವ ಕಡೆ ಎಂದು ಬಲ್ಲೆ. ಪುಸ್ತಕದ ನಕಾಶೆಯನ್ನು ನನಗೆ ಕಾಣುವಂತೆ ಹಿಡಿಯಲು ಹೇಳಿ, ರಂಗೋಲಿ ಬಟ್ಟಲು ತೆಗೆದು, ಒಲೆಯ ಮುಂದಿನ ನೆಲದ ತುಂಬ ನದಿಗಳನ್ನು ಎಳೆದೆ. ಬಾದಾಮಿಗೆ ಒಂದು ತೊಗರಿ ಕಾಳು. ಉತ್ತರದ ದಂಡಿಗೆ ಒಂದು ಹಿಡಿ ಕಡಲೆ.

“ಅವ್ವಾ, ಕಡಲಿ ಹಿಂದ ಸರಸು, ಹೊಳಿ ದಾಟಾಕತ್ತಾವ!” ಎಂದು ಮಗಳು ಕೂಗಿದಳು.

ಕೂಗಿಗೆ ಅತ್ತೆ ಬಂದರು. ನಮ್ಮಲ್ಲಿ ವಿಧವೆ ಉಡುವುದು ಕೆಂಪು ಸೀರೆ, ಅವಳು ರಂಗೋಲಿ ಹಾಕುವ ಪದ್ಧತಿ ಇರಲಿಲ್ಲ.

“ಕೆಂಪು ಸೀರಿ ಉಟ್ಟಾಕಿ ರಂಗೋಲಿ ಹಾಕ್ತೀ? ನಾಚಿಕಿ ಇಲ್ಲ?”

“ರಂಗೋಲಿ ಅಲ್ರಿ ಅತ್ತಿ, ನಕಾಶಿ.”

“ಒರಸು.”

ಒರೆಸಿದೆ. ಮರುದಿನ ಮತ್ತೆ ಹಾಕಿದೆ. ಅವರು ಒರೆಸಿಸಿದಷ್ಟು ಸಲವೂ ಹಾಕಿದೆ. ಅದರಿಂದ ಮಗಳಿಗೆ ನದಿಗಳು ಇನ್ನೂ ಗಟ್ಟಿಯಾದವು.

ಅವಳು ಪಾಸಾದಳು. ಸುದ್ದಿ ಕೇಳಿದ ಭಾವ, “ಆತು, ಇಷ್ಟ ಕಲತದ್ದು ಸಾಕು. ವರ ನೋಡೂಣು” ಎಂದರು.

ಅಲ್ಲಿಯವರೆಗೆ ನಾನು ಅವರೆದುರು ನಿಂತು ಮಾತಾಡಿದವಳಲ್ಲ. ಏನಿದ್ದರೂ ಬಾಗಿಲ ಮರೆಯಿಂದಲೇ. ಅಂದು ಪಡಸಾಲೆಗೆ ಬಂದೆ.

“ಪಾಸಾದ್ರ ಸಾಲಿ ಅಂತ ನೀವ ಅಂದಿದ್ರಿ, ಭಾವಾ. ಅಕಿ ಹೋಗಲಿಲ್ಲಂದ್ರ ನಾ ಒಲಿ ಹಚ್ಚೂದಿಲ್ಲ.”

“ಹಂಗಾರ ಊಟಾ?”

“ಅದನ್ನ ನೀವ ನೋಡ್ಕೋರಿ.”

ಶಾಲೆ ತೆರೆದ ದಿನ ಒಲೆ ತಣ್ಣಗಿತ್ತು. ನಾನು ಗೋಡೆಗೆ ಒರಗಿ ಕುಳಿತಿದ್ದೆ. ಅತ್ತೆ ಎರಡು ಸಲ ಬಂದು ಇಣುಕಿ ಗೊಣಗುತ್ತ ಹೋದರು. ಕಚೇರಿಗೆ ಹೊತ್ತಾದಾಗ ಭಾವ ಹೊರಗಿನಿಂದಲೇ ಒದರಿದರು: “ಏ ಹುಡುಗಿ, ಪಾಟಿಚೀಲಾ ತಗೊಂಡು ನಡೀ ಲಗೂ!”

ಅವಳು ಓಣಿ ದಾಟುವುದನ್ನು ನೋಡಿದ ಮೇಲೆಯೇ ಒಲೆ ಹಚ್ಚಿದೆ. ಭಾವ ಅಂದು ಅವಲಕ್ಕಿ ತಿಂದು ಕಚೇರಿಗೆ ಹೋದರು.

ಆಮೇಲೆ ಓಣಿಯಲ್ಲಿ ನನಗೆ ಗಟ್ಟಿಗಿತ್ತಿ ಎಂದು ಹೆಸರಾಯಿತು. ಆಗಲಿ. ಇದನ್ನು ಓದಿ ಯಾರಿಗಾದರೂ ನಾಚಿಕೆಯಾದರೆ ಅದು ಅವರದು, ನನ್ನದಲ್ಲ. ಮಕ್ಕಳೇ, ಈ ಹಾಳೆಗಳನ್ನು ಕಿರಾಣಿ ಅಂಗಡಿಯವನಿಗೆ ಪುಡಿಕೆ ಕಟ್ಟಲು ಕೊಡಬೇಡಿ. ಗೆದ್ದಲು ಹತ್ತದ ಕಡೆ, ಮೂವರೂ ಕೂಡಿ ಇಟ್ಟುಕೊಳ್ಳಿ.