ಲೋಟದ ಕೆಳಗಿನ ಚೀಟಿ

ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ನನ್ನ ಅತ್ತೆಗೆ ಸುಮ್ಮನೆ ಕೂತು ಗೊತ್ತಿಲ್ಲ. ಸಂಜೆ ನಾಲ್ಕಾಯಿತೆಂದರೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಫ್ರಿಜ್ಜಿಗೆ ಬಿಳಿ ಹಲಗೆ ಆನಿಸಿಟ್ಟು, ಎಲ್ಲೆಲ್ಲಿಯೋ ಇರುವ ಆರು ಜನ ಹೊಸ ಗಣಿತ, ವಿಜ್ಞಾನ ಶಿಕ್ಷಕರಿಗೆ ಪಾಠ ಮಾಡುವ ಬಗೆ ಹೇಳಿಕೊಡುತ್ತಾರೆ.

ಶುರುವಿನಲ್ಲೇ ಅವರಲ್ಲಿ ಒಬ್ಬ ಹುಡುಗಿ ಪರದೆಯಲ್ಲಿ ಅತ್ತುಬಿಟ್ಟಿದ್ದಳು. ಹಲಗೆಯ ಮೇಲೆ ಒಂದು ಲೆಕ್ಕ ತಪ್ಪಿದ್ದಕ್ಕೆ ಇಡೀ ತರಗತಿ ನಕ್ಕಿತ್ತಂತೆ.

"ಅಯ್ಯೋ ಹುಚ್ಚಿ, ದಿನಾ ಒಂದು ತಪ್ಪು ನೀನೇ ಬೇಕಂತ ಮಾಡು. ಹುಡುಕೋ ಕೆಲಸ ಮಕ್ಕಳಿಗೆ ಕೊಡು. ಆಮೇಲೆ ಯಾರು ನಗ್ತಾರೆ ನೋಡೋಣ," ಎಂದರು ಅತ್ತೆ.

ಅಂದಿನಿಂದ ಅವರ ತರಗತಿಯಲ್ಲೂ ಅದೇ ಪದ್ಧತಿಯಾಯಿತು. ಆ ದಿನ ಮಾಡಲಿರುವ ತಪ್ಪನ್ನು ಮೊದಲೇ ಚೀಟಿಯಲ್ಲಿ ಬರೆದು, ಮಡಚಿ, ನೀರಿನ ಲೋಟದ ಕೆಳಗೆ ಇಡುವರು. ಕೊನೆಯಲ್ಲಿ ಕ್ಯಾಮೆರಾದ ಮುಂದೆ ಬಿಚ್ಚಿ ತೋರಿಸುವರು.

ನನ್ನದು ಎಲ್ಲವನ್ನೂ ಎರಡೆರಡು ಸಲ ನೋಡುವ ಸ್ವಭಾವ. ಹಲ್ಲಿನ ಡಾಕ್ಟರ ಬಳಿ ಮೂರೂವರೆವರೆಗೆ ಕೆಲಸ. ಅಲ್ಲಿಯತನಕ ಒಂದೂವರೆ ವರ್ಷದ ಮಗಳು ಅತ್ತೆಯ ಬಳಿ. ಅಷ್ಟರೊಳಗೆ ನಾಲ್ಕು ಸಲ ಫೋನ್ ಮಾಡಿರುತ್ತೇನೆ. ನನ್ನ ಹೊಟ್ಟೆಯಲ್ಲಿ ಭಯವೇ ತುಂಬಿರುವಾಗ ಊಟ ಎಲ್ಲಿಗೆ ಹೋಗುತ್ತದೋ ಎಂದು ಗಂಡ ಗೇಲಿ ಮಾಡುತ್ತಾರೆ.

ಮಂಗಳವಾರ ಶಿಕ್ಷಕರು ಒಂದಲ್ಲ, ಮೂರು ತಪ್ಪು ಹುಡುಕಿದರು. ಮೇಡಂ ಇವತ್ತು ಭಾರಿ ಕಿಲಾಡಿ ಎಂದು ಒಬ್ಬ ನಕ್ಕ. ಅತ್ತೆಯೂ ನಕ್ಕರು. ಆದರೆ ಚೀಟಿ ತೋರಿಸಲಿಲ್ಲ. ಲೋಟ ಎತ್ತುವಾಗ ಬಿಚ್ಚಿ ನೋಡಿದೆ. ಖಾಲಿ. ರಾತ್ರಿ ಗಂಡನಿಗೆ ತೋರಿಸಿದೆ. ಬರೆಯಲು ಬೇಜಾರಾಗಿರಬೇಕು ಎಂದರು ಗಂಡ. ಬುಧವಾರ ತಪ್ಪುಗಳು ಐದು. ಚೀಟಿ ಮತ್ತೆ ಖಾಲಿ. ಆ ಆರೂ ಜನ ಮಾತ್ರ ಅತ್ತೆಯನ್ನು ಹಿಂದೆಂದಿಗಿಂತ ಹೆಚ್ಚು ಹೊಗಳಿದರು.

ಗುರುವಾರ ಮಗುವಿಗೆ ಸಣ್ಣ ಜ್ವರ. ರಜೆ ಸಿಗಲಿಲ್ಲ. ಜ್ವರ ಏರಿದರೆ ಔಷಧಿ ಎರಡೂವರೆ ಎಂಎಲ್ ಎಂದು ಮೂರು ಸಲ ಹೇಳಿ, ಬಾಟಲಿಯ ಮೇಲೂ ಬರೆದು ಹೋಗಿದ್ದೆ. ಕೆಲಸದಲ್ಲಿ ಮನಸ್ಸು ನಿಲ್ಲದೆ ಅರ್ಧ ಗಂಟೆ ಮುಂಚೆಯೇ ಹೊರಟುಬಂದೆ.

ಬಾಗಿಲು ತೆರೆದಾಗ ಮಗಳು ಅತ್ತೆಯ ತೊಡೆಯ ಮೇಲೆ ಬಾಯಿ ತೆರೆದು ಮಲಗಿದ್ದಳು. ಅತ್ತೆಯ ಕೈಯಲ್ಲಿ ಔಷಧಿ ಹಾಕುವ ಪಿಚಕಾರಿ. ಗುಲಾಬಿ ದ್ರವ ಐದರ ಗೆರೆಯನ್ನು ಮುಟ್ಟಿತ್ತು. ಓಡಿಹೋಗಿ ಅವರ ಮಣಿಕಟ್ಟು ಹಿಡಿದೆ.

"ಎಷ್ಟು ತಗೊಂಡಿದ್ದೀರಿ, ಅತ್ತೆ?"

"ಎರಡೂವರೆ."

"ಗೆರೆ ನೋಡಿ."

ನೋಡಿದರು. ತುಂಬಾ ಹೊತ್ತು ನೋಡಿದರು. ಆಮೇಲೆ ಮುಖದಲ್ಲಿ ತರಗತಿಯ ಆ ನಗು ತಂದುಕೊಂಡು, "ಕಂಡುಹಿಡಿದೆ. ಶಭಾಷ್," ಎಂದರು.

"ಚೀಟಿ ಎಲ್ಲಿದೆ?"

ನಗು ಹಾಗೇ ಇತ್ತು. ಪಿಚಕಾರಿಯನ್ನು ನಾನೇ ತೆಗೆದುಕೊಂಡೆ. ಇದು ಮೊದಲನೆಯದೇ, ಬೆಳಗ್ಗೆಯೂ ಹಾಕಿದ್ದಿರಾ ಎಂದು ಕೇಳಿದೆ. ಹಾಕಿಲ್ಲ ಎಂದರು. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಈ ಒಂದೇ ಸಲದಷ್ಟು ಇಳಿದಿತ್ತು. ಬಾಟಲಿ ಇಲ್ಲದಿದ್ದರೆ ಆ ಮಾತನ್ನು ನಂಬುತ್ತಿರಲಿಲ್ಲ. ಅದು ಅವರಿಗೂ ಗೊತ್ತಾಯಿತು.

"ನಾಳೆಯಿಂದ ಮಗೂನ ನನ್ನ ಕೈಗೆ ಕೊಡಬೇಡ. ಇವರನ್ನ ಮಾತ್ರ ನನಗೆ ಬಿಡು, ತಾಯಿ," ಎಂದು ಮೆಲ್ಲಗೆ ಹೇಳಿ ಲ್ಯಾಪ್‌ಟಾಪಿನ ಕಡೆ ನೋಡಿದರು.

ಮಗುವಿಗೆ ಸರಿಯಾಗಿ ಅಳೆದು ಔಷಧಿ ಹಾಕಿದೆ. ಬಾಟಲಿಯನ್ನು ಅಟ್ಟದ ಮೇಲಿನ ಡಬ್ಬದ ಹಿಂದೆ ಇಟ್ಟೆ. ನಾಲ್ಕಕ್ಕೆ ಆರು ಮುಖಗಳು ಪರದೆಯಲ್ಲಿ ಮೂಡಿದವು. ಮಗಳನ್ನು ಸೊಂಟದ ಮೇಲೆ ಎತ್ತಿಕೊಂಡು ಕ್ಯಾಮೆರಾಕ್ಕೆ ಕಾಣದಂತೆ ನಿಂತೆ. ಅತ್ತೆ ಚೀಟಿ ಮಡಚಿ ಲೋಟದ ಕೆಳಗಿಟ್ಟು, ಹಲಗೆಯ ಮೇಲೆ ದುಂಡನೆಯ ಅಕ್ಷರದಲ್ಲಿ ಲೆಕ್ಕ ಬರೆದರು.

ಅದು ಮಂಗಳವಾರದ್ದೇ ಲೆಕ್ಕ. ಬುಧವಾರದ್ದೂ ಅದೇ.

ಆರೂ ಜನ ಪೆನ್ನು ಎತ್ತಿಕೊಂಡು, ನಗುತ್ತ, ತಪ್ಪು ಹುಡುಕತೊಡಗಿದರು.